ಬೂದಿಗೆ ನೀರು ಚಿಮುಕಿಸಿದ ಅಕ್ಕ

ರಾಣೆಬೆನ್ನೂರಿನ ಹೊರಗೆ, ಹಾವೇರಿ ರಸ್ತೆಯ ಮಗ್ಗುಲಲ್ಲಿ ನಮ್ಮ ಪುಟ್ಟ ಘಟಕ. ಕತ್ತಲಲ್ಲೂ ನೋಡಬಲ್ಲ ಕ್ಯಾಮೆರಾಗಳಿಗೆ ಲೆನ್ಸ್ ಉಜ್ಜುವ ಕಾರ್ಖಾನೆಗಳಿಂದ ಬೂದುಬಣ್ಣದ ರಾಡಿ ಡ್ರಮ್ಮುಗಳಲ್ಲಿ ಬರುತ್ತದೆ. ಅದರಿಂದ ಜರ್ಮೇನಿಯಂ ಹೊರತೆಗೆಯುವುದು ನನ್ನ ಕೆಲಸ. ಆ ಲೆನ್ಸುಗಳನ್ನು ಮಾಡುವುದೇ ಇದರಿಂದ; ಹುಡುಕಿದರೂ ಸುಲಭಕ್ಕೆ ಸಿಗದ, ಬೆಲೆ ಕೇಳಿದರೆ ಎದೆ ಝಲ್ಲೆನ್ನುವ ವಸ್ತು. ಒಣಗಿಸಿಟ್ಟ ರಾಡಿಯಂತೂ ನೋಡಲು ಥೇಟ್ ಒಲೆಯ ಬೂದಿ.

ಆ ವರ್ಷ ನನ್ನ ಗ್ರಹಚಾರ ನೆಟ್ಟಗಿರಲಿಲ್ಲ. ರಾಡಿಯನ್ನು ಅಂಗಳದ ಬಿಸಿಲಲ್ಲಿ ತಾಟುಗಳಿಗೆ ಸುರಿದು ಒಣಗಿಸಿ, ಆಸಿಡ್ಡಿನಲ್ಲಿ ಕರಗಿಸಿದರೆ ಎರಡು ಸಲವೂ ಸಿಗಬೇಕಾದಷ್ಟು ಸಿಗಲಿಲ್ಲ.

"ಮೂರನೇ ಸಲಾನೂ ಹಿಂಗಾದ್ರ ಈ ಕೆಲಸ ಬಂದ್ ಮಾಡೂಣ್ರಿ," ಎಂದರು ಮಾಲೀಕರು. ಕೆಲಸ ಬಂದ್ ಎಂದರೆ ನನ್ನ ನೌಕರಿಯೂ ಬಂದ್.

ಮೂರನೇ ಸಲ ಒಣಹಾಕಲು ಬ್ಯಾಡಗಿಯಿಂದ ಹೊಸದಾಗಿ ಒಬ್ಬ ಅಕ್ಕ ಬಂದಿದ್ದರು. ಅಲ್ಲಿಯವರೆಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವರು. ನಾನು ಊಟ ಮುಗಿಸಿ ಬಂದು ನೋಡಿದರೆ, ಒಣಗಿ ಗರಿಗರಿಯಾದ ಪುಡಿಯ ಮೇಲೆ ಈಯಮ್ಮ ಆರಾಮಾಗಿ ನೀರು ಚಿಮುಕಿಸುತ್ತಿದ್ದಾರೆ!

"ಏನ್ ಮಾಡಾಕತ್ತೀರಿ ಅಕ್ಕಾ? ಮೂರು ದಿನ ಒಣಗಿಸೇನಿ."

"ಒಣಾ ಕಾಯಿ ಮುಟ್ಟೂ ಮುಂದ ನೀರು ಚಿಮುಕಿಸ್ತೀವ್ರಿ. ಇಲ್ಲಂದ್ರ ಪುಡಿಯಾಗಿ ಹೋಗತೈತಿ."

"ಇದೇನು ಮೆಣಸಿನಕಾಯಿ ಅಲ್ರಿ," ಎಂದು ಎಲ್ಲರೆದುರು ಕೂಗಾಡಿದೆ. ನಾಳೆಯಿಂದ ಬರಬೇಡಿ ಎಂದೂ ಅಂದೆ. ಅಕ್ಕ ಸೆರಗು ಕೊಡವಿ ಹೊರಟೇಬಿಟ್ಟರು.

ಮತ್ತೆ ಒಣಗಿಸುವಷ್ಟು ಸಮಯವಿಲ್ಲದೆ ಆ ಹಸಿ ಪುಡಿಯನ್ನೇ ಕರಗಿಸಿದೆ. ಸಿಗಬೇಕಾದಷ್ಟೂ ಸಿಕ್ಕಿತು. ನಂಬಿಕೆಯಾಗದೆ ಮತ್ತೊಮ್ಮೆ ತೂಗಿದೆ. ಆಗ ತಲೆಗೆ ಹೊಳೆಯಿತು. ಒಣಪುಡಿಯನ್ನು ತಾಟಿನಿಂದ ಬಳಿದು ಡ್ರಮ್ಮಿಗೆ ಸುರಿಯುವಾಗ ನುಣ್ಣನೆಯದೆಲ್ಲ ಗಾಳಿಗೆ ಹಾರಿಹೋಗುತ್ತಿತ್ತು. ನಾನೋ, ತಪ್ಪನ್ನು ಆಸಿಡ್ಡಿನಲ್ಲಿ ಹುಡುಕುತ್ತಾ ಕೂತಿದ್ದೆ. ನೌಕರಿ ಉಳಿದ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ಮರುದಿನವೇ ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಮಾರುಕಟ್ಟೆಯ ಹತ್ತಿರದ ಗೋದಾಮೊಂದರಲ್ಲಿ ಅಕ್ಕ ಕೆಂಪು ರಾಶಿಯ ನಡುವೆ ಕೂತಿದ್ದರು.

"ತಪ್ಪು ನಂದ್ರಿ ಅಕ್ಕಾ. ಮಾಲೀಕರಿಗೂ ಹೇಳೇನಿ. ವಾಪಸ್ ಬರ್ರಿ."

ಅವರು ತಲೆ ಎತ್ತದೆ ತೊಟ್ಟು ಬಿಡಿಸುತ್ತಲೇ ಹೇಳಿದರು: "ಬರ್ತೇನ್ರಿ. ಆದ್ರ ನೀವು ಬೈದದ್ದು ಎಲ್ಲಾರೂ ಕೇಳ್ಯಾರ. ಇದನ್ನೂ ಎಲ್ಲಾರೂ ಕೇಳಬೇಕು."

ಎಂ.ಎಸ್ಸಿ. ಮಾಡಿದ ನಾನು ಮಾರನೆಯ ಬೆಳಿಗ್ಗೆ ಎಲ್ಲರನ್ನೂ ಅಂಗಳಕ್ಕೆ ಕರೆದು, ತಪ್ಪು ನನ್ನದೆಂದು, ಘಟಕ ಉಳಿದದ್ದು ಅಕ್ಕನಿಂದೆಂದು ಹೇಳಿದೆ. ಅಕ್ಕ ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿಸಿಕೊಂಡರು.

"ಸಾಕ್ರಿ," ಎಂದರು ಆಮೇಲೆ. "ಬಿಸಲು ಏರಾಕತ್ತೈತಿ. ಲಗೂನ ತಾಟು ಹೊರಗ ತರ್ರಿ."

ನಾನೇ ಹೋಗಿ ತಂದೆ.