ಹುಲಿಕಲ್ಲಿನ ಗಡವನೂ ದುಗ್ಗಪ್ಪನ ಸ್ಟೀಲ್ ಗಾಡಿಯೂ

ಹುಲಿಕಲ್ ಘಾಟಿ ಇಳಿಯುವ ಮೊದಲು ರಸ್ತೆ ಕೊಂಚ ಅಗಲವಾಗುವ ಕಡೆ ದುಗ್ಗಪ್ಪನ ಚಹಾ ಗಾಡಿ ನಿಲ್ಲುತ್ತದೆ. ಅವನು ಆಯುಷ್ಯದ ಅರ್ಧ ಭಾಗ ಹೊಸನಗರದ ಸಾಹುಕಾರರೊಬ್ಬರ ಲಾರಿ ಓಡಿಸಿದವನು. ಮಲೆನಾಡಿನ ಮಳೆಗೆ ಲಾರಿಯ ಬಣ್ಣ ಹಪ್ಪಳದಂತೆ ಏಳುವುದು, ಅಡಿಯಲ್ಲಿ ತುಕ್ಕು ಕೂರುವುದು, ಮತ್ತೆ ಬಣ್ಣ ಬಳಿಯುವುದು, ಇದನ್ನೇ ನೋಡಿ ನೋಡಿ ಅವನಿಗೆ ಬಣ್ಣದ ಮೇಲೆಯೇ ಜಿಗುಪ್ಸೆ ಬಂದಿತ್ತು. ಸೊಂಟ ನೋವಿನಿಂದ ಡ್ರೈವರ್ ಕೆಲಸ ಬಿಟ್ಟು, ಚಹಾ ಗಾಡಿಗೆಂದು ಹಳೆಯ ಟೆಂಪೊ ಒಂದನ್ನು ಕೊಂಡಾಗ, ವೆಲ್ಡಿಂಗ್ ಅಂಗಡಿಯ ವಿನೋದನಿಗೆ ಹೇಳಿದ್ದು ಒಂದೇ ಮಾತು: ಬಾಡಿ ಪೂರ್ತಿ ಸ್ಟೀಲಿನದಾಗಬೇಕು, ಅದಕ್ಕೆ ಒಂದು ಹನಿ ಬಣ್ಣವೂ ತಾಗಬಾರದು.

ವಿನೋದ ಹಾಗೆಯೇ ಕಟ್ಟಿಕೊಟ್ಟ. ದುಗ್ಗಪ್ಪನ ಹೆಂಡತಿ ಸರೋಜ ಬನ್ಸ್, ಗೋಳಿಬಜೆ ಕರಿಯಲು ನಿಂತಳು. ವ್ಯಾಪಾರ ಚೆನ್ನಾಗಿಯೇ ಹಿಡಿಯಿತು. ಆದರೆ ದುಗ್ಗಪ್ಪನ ಮನಸ್ಸು ಚಹಾಕ್ಕಿಂತ ಹೆಚ್ಚಾಗಿ ಗಾಡಿಯ ಮೈಮೇಲೆಯೇ ಇತ್ತು. ಮೊದಲ ವಾರ ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಿಂದ ಗಸಗಸ ಉಜ್ಜಿದ. ಮಂಜು ಬಿದ್ದ ಬೆಳಿಗ್ಗೆ ನೋಡಿದರೆ ಸ್ಟೀಲಿನ ತುಂಬ ಕಂದು ಚುಕ್ಕೆಗಳು. ಮೋಸ ಹೋದೆ ಎಂದುಕೊಂಡು ಸಿಟ್ಟಿನಿಂದಲೇ ವಿನೋದನ ಬಳಿ ಹೋದ. ತುಕ್ಕು ಹಿಡಿದದ್ದು ಸ್ಟೀಲಿಗಲ್ಲ, ನಾರಿನ ಪುಡಿ ಅಂಟಿಕೊಂಡು ಅದಕ್ಕೆ ಹಿಡಿದದ್ದು ಎಂದು ವಿನೋದ ಸಮಾಧಾನ ಹೇಳಿ, ಚುಕ್ಕೆಗಳನ್ನು ತೆಗೆದುಕೊಟ್ಟ. ಅಲ್ಲಿಂದ ಮುಂದೆ ದುಗ್ಗಪ್ಪ ಸೋಪಿನ ನೀರು, ಹತ್ತಿಯ ಬಟ್ಟೆ ಬಿಟ್ಟು ಬೇರೇನನ್ನೂ ಗಾಡಿಯ ಹತ್ತಿರ ತರಲಿಲ್ಲ. ತೊಳೆದ ನೀರು ಆರಿ ಕಲೆಯಾಗುವ ಮೊದಲೇ ತನ್ನ ಹಳೆಯ ಪಂಚೆಯಿಂದ ಒರೆಸಿಬಿಡುತ್ತಿದ್ದ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ತೀರ್ಥಹಳ್ಳಿಗೆ ಮದುವೆಗೆಂದು ಹೋದಾಗ ಅಡುಗೆಯವರ ಹೊಸ ಹಂಡೆಯೊಂದು ಕನ್ನಡಿಯಂತೆ ಹೊಳೆಯುವುದನ್ನು ಅವನು ಕಂಡ. ಊಟದ ಪಂಕ್ತಿಯಲ್ಲೂ ಅದರದೇ ಧ್ಯಾನ. ಮರುದಿನವೇ ವಿನೋದನಲ್ಲಿಗೆ ಹೋಗಿ, ಗಾಡಿಯ ಎರಡೂ ಬದಿಗೆ ಮಷೀನಿನಿಂದ ಪಾಲಿಶ್ ಹೊಡೆಸಿದ. ಹೊಳಪು ಅಂದರೆ ಅಂಥ ಹೊಳಪು. ಎದುರಿನ ಕಾಡು, ರಸ್ತೆ, ಬಸ್ಸು ಎಲ್ಲವೂ ಗಾಡಿಯ ಮೈಯಲ್ಲಿ. ಗಿರಾಕಿಗಳು ಚಹಾ ಹಿಡಿದುಕೊಂಡೇ ತಲೆ ಬಾಚಿಕೊಳ್ಳುತ್ತಿದ್ದರು. ಯಾರಾದರೂ ಕೈ ಊರಿದರೆ ಬೆರಳಿನ ಗುರುತು ಎದ್ದು ಕಾಣುತ್ತಿತ್ತು. ದುಗ್ಗಪ್ಪ ಬಟ್ಟೆ ಹಿಡಿದು ಹಿಂದೆಯೇ ಓಡುತ್ತಿದ್ದ. ಸರೋಜಳಿಗೆ ಇದು ಸಾಕಾಗಿ ಹೋಯಿತು. ಎಣ್ಣೆ ಕಾದು ಹೊಗೆಯಾಡಿದರೂ ಕರೆದರೆ ಗಂಡ ಬರುವುದಿಲ್ಲ.

ಘಾಟಿಯ ಮಂಗಗಳ ಹಿಂಡಿಗೆ ಯಜಮಾನನಂತೆ ಒಂದು ದೊಡ್ಡ ಗಂಡು ಮಂಗ, ಗಡವ, ಇತ್ತು. ಒಂದು ಮಧ್ಯಾಹ್ನ ಅದು ಬನ್ಸಿನ ವಾಸನೆಗೆ ಇಳಿದು ಬಂತು. ಗಾಡಿಯ ಬದಿಗೆ ಬಂದದ್ದೇ ಗಕ್ಕನೆ ನಿಂತಿತು. ಎದುರಿಗೆ ತನ್ನಷ್ಟೇ ದಪ್ಪದ ಇನ್ನೊಂದು ಗಡವ. ಹಲ್ಲು ಕಿಸಿಯಿತು, ಅದೂ ಕಿಸಿಯಿತು. ಹುಬ್ಬು ಹಾರಿಸಿತು, ಅದೂ ಹಾರಿಸಿತು. ಮುಂದಿನ ಕ್ಷಣದಲ್ಲಿ ಗಡವ ಗಾಡಿಯ ಮೇಲೆ ಬಿದ್ದು ಪರಚತೊಡಗಿತು. ನೆಲದ ಜಲ್ಲಿ ಕಲ್ಲನ್ನೇ ಹಿಡಿದು ಸ್ಟೀಲಿಗೆ ತಿಕ್ಕಿತು. ದುಗ್ಗಪ್ಪ ಕೋಲು ಹಿಡಿದು ಓಡಿ ಬಂದರೆ, ಗಡವನಿಗೆ ಸ್ಟೀಲಿನೊಳಗೆ ಕೋಲು ಹಿಡಿದ ಇನ್ನೊಬ್ಬ ಶತ್ರುವೂ ಕಂಡಂತಾಗಿ ರೋಷ ದುಪ್ಪಟ್ಟಾಯಿತು. ಬಸ್ಸಿನ ಜನರೆಲ್ಲ ಇಳಿದು ನಗುತ್ತಿದ್ದರು. ಕೊನೆಗೆ ಸರೋಜ ದೊಡ್ಡ ಮೇಜುಬಟ್ಟೆಯೊಂದನ್ನು ಗಾಡಿಯ ಬದಿಗೆ ಇಳಿಬಿಟ್ಟಳು. ಎದುರಾಳಿ ಮಾಯವಾದದ್ದು ಕಂಡು ಗಡವ ಗೆದ್ದ ಠೀವಿಯಿಂದ ಮರ ಹತ್ತಿತು.

ಬಟ್ಟೆ ಸರಿಸಿ ನೋಡಿದರೆ ಅಡ್ಡಾದಿಡ್ಡಿ ಗೀರುಗಳು. ದುಗ್ಗಪ್ಪ ಒಂದೊಂದು ಗೀರನ್ನೂ ಬಟ್ಟೆಯಿಂದ ಒರೆಸಿ ನೋಡಿದ. ಚಹಾ ಕಾಸಲೂ ಕೈ ಏಳಲಿಲ್ಲ. ಮರುದಿನ ಗಡವ ಮತ್ತೆ ಬಂತು, ಅದರ ಮರುದಿನವೂ ಬಂತು. ಇಡೀ ದಿನ ಬಟ್ಟೆ ಹೊದೆಸಿ ಗಾಡಿ ನಿಲ್ಲಿಸುವುದಾದರೆ ಆ ಹೊಳಪಿಗೆ ಏನರ್ಥ?

ವಿನೋದ ಬಂದು ಗೀರುಗಳ ಮೇಲೆ ಬೆರಳಾಡಿಸಿದ. ಮತ್ತೆ ಕನ್ನಡಿಯಂತೆ ಮಾಡಬಹುದು, ಆದರೆ ಗಡವನೂ ಮತ್ತೆ ಬರುತ್ತದೆ ಎಂದ. "ದುಗ್ಗಣ್ಣ, ಹೊಳಪು ಸ್ವಲ್ಪ ಇಳ್ಸಣ. ಒಂದೇ ದಿಕ್ಕಿಗೆ ಸಣ್ಣ ಗೆರೆ ಬರೋ ಹಾಗೆ ಉಜ್ಜಿದ್ರೆ ಮುಖ ಕಾಣಲ್ಲ, ಸ್ಟೀಲ್ ಮಾತ್ರ ಕಾಣ್ತದೆ."

ದುಗ್ಗಪ್ಪ ಹೆಂಡತಿಯ ಕಡೆ ನೋಡಿದ.

"ನಂಗೆ ಕೇಳಿದ್ರೆ ಇಳ್ಸಿ ಮಾರಾಯ್ರೆ," ಎಂದಳು ಸರೋಜ. "ಮಂಗ ಹೋಗ್ಲಿ, ನಂಗೂ ಒಂದ್ ಚೂರು ಗಂಡ ಸಿಗ್ತಾರೆ."

ವಿನೋದ ಜೋರಾಗಿ ನಕ್ಕ. ತಡೆಯಲಾರದೆ ದುಗ್ಗಪ್ಪನೂ ನಕ್ಕ.

ಮುಂದಿನ ಸೋಮವಾರ ರಜೆ ಮಾಡಿ ಮೂವರೂ ಸೇರಿ ಕೆಲಸಕ್ಕಿಳಿದರು. ವಿನೋದ ಮಷೀನು ಹಿಡಿದ. ಮೂಲೆಗಳನ್ನು ದುಗ್ಗಪ್ಪ, ಸರೋಜ ಉಪ್ಪುಕಾಗದ ಹಿಡಿದು ಕೈಯಿಂದಲೇ ಉಜ್ಜಿದರು. ಬಾಗಿಲಿನಿಂದ ಹಿಂಬದಿಯವರೆಗೆ ಎಲ್ಲವೂ ಒಂದೇ ದಿಕ್ಕಿಗೆ. ದುಗ್ಗಪ್ಪನ ಕೈ ಒಮ್ಮೆ ವೃತ್ತಾಕಾರಕ್ಕೆ ತಿರುಗಿದರೂ ಸರೋಜ ಗದರುತ್ತಿದ್ದಳು. ಸಂಜೆಗೆ ಗೀರುಗಳು ಗೆರೆಗಳಲ್ಲಿ ಕರಗಿಹೋಗಿದ್ದವು. ಮಾರನೆಯ ಬೆಳಿಗ್ಗೆ ಮಂಜು ಸರಿದು ಬಿಸಿಲು ಬಿದ್ದಾಗ ಗಾಡಿ ಕಣ್ಣು ಕುಕ್ಕಲಿಲ್ಲ. ಹೊಳೆಯ ನೀರಿನ ಮೇಲೆ ಬಿದ್ದಂತೆ ಬೆಳಕು ಅದರ ಮೈಮೇಲೆ ತೆಳ್ಳಗೆ ಹರಡಿಕೊಂಡಿತು. ದುಗ್ಗಪ್ಪ ಬಟ್ಟೆ ಹೆಗಲಿಗೆ ಹಾಕಿಕೊಂಡು ಅದನ್ನು ನೋಡುತ್ತ ನಿಂತುಬಿಟ್ಟ.

ಗಡವ ಬಂತು. ಗಾಡಿಯ ಬದಿಯನ್ನು ಮೂಸಿತು, ಹಿಂಬದಿಗೆ ಹೋಗಿ ಹುಡುಕಿತು, ಯಾರೂ ಸಿಗದೆ ಬೇಸರದಿಂದ ತಲೆ ಕೆರೆದುಕೊಂಡು ಹೊರಟುಹೋಯಿತು.

ಈಗ ದುಗ್ಗಪ್ಪ ಗಾಡಿಯನ್ನು ದಿನಾ ಬೆಳಿಗ್ಗೆ ಒಮ್ಮೆ ಗೆರೆಗುಂಟ ಒರೆಸುತ್ತಾನೆ, ಎರಡು ಹನಿ ಕೊಬ್ಬರಿ ಎಣ್ಣೆ ತೆಳ್ಳಗೆ ಸವರುತ್ತಾನೆ, ಅಷ್ಟೇ. ಆಮೇಲೆ ಹೆಂಡತಿಯ ಪಕ್ಕ ನಿಂತು ಬನ್ಸಿನ ಹಿಟ್ಟು ಲಟ್ಟಿಸುತ್ತಾನೆ. ಅದರಲ್ಲೂ ಅವನದು ಅತಿಯೇ: ಎಲ್ಲ ಬನ್ಸೂ ಒಂದೇ ಅಳತೆಗೆ ದುಂಡಗೆ ಬರಬೇಕು.