ಅತ್ತೆ ಕೇಳಿದ ಅರ್ಥಶಾಸ್ತ್ರದ ಪಾಠ

ಮೊನ್ನೆ ಪಕ್ಕದ ಮನೆಯವರು ಎಳೆಗೂಸಿಗೆ ನೀರೆರೆದು ಸಾಂಬ್ರಾಣಿ ಹೊಗೆ ಹಾಕಿದ್ದರು. ಆ ವಾಸನೆ ಚಾಮರಾಜನಗರದ ನಮ್ಮ ಪಡಸಾಲೆಗೆ ಬಂದದ್ದೇ ತಡ, ಓದುತ್ತಿದ್ದ ಪತ್ರಿಕೆ ಕೆಳಗಿಟ್ಟೆ. ನನ್ನ ಸೋದರತ್ತೆ ನೆನಪಾದಳು...

ಅತ್ತೆಯ ಮನೆ ಗುಂಡ್ಲುಪೇಟೆಯಲ್ಲಿ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಐವತ್ತರ ದಶಕದಲ್ಲಿ, ಮೈಸೂರಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ನನಗೆ ಕೆನಡಾದಲ್ಲಿ ಹೊಸದಾಗಿ ತೆರೆದ ಬಿಸಿನೆಸ್ ಸ್ಕೂಲೊಂದರಿಂದ ಕರೆ ಬಂತು. ಹೆಂಡತಿ ಆಗ ಬಸುರಿ. ಅವಳಿಗೂ ತಾಯಿ ಇರಲಿಲ್ಲ. ಹೋಗುವುದೋ ಬಿಡುವುದೋ ತಿಳಿಯದೆ ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಬಾಣಂತನಕ್ಕೆ ಅಲ್ಲಿ ಯಾರವ್ರೆ?" ಎಂದಳು.

ಯಾರೂ ಇಲ್ಲವೆಂದೆ.

"ಅಂಗಾರೆ ನಾನೂ ಬತ್ತೀನಿ ಬುಡು."

ಗೋಪಾಲಸ್ವಾಮಿ ಬೆಟ್ಟದ ಚಳಿಗೇ ನಡುಗುತ್ತಿದ್ದವಳು! ನೆಂಟರೆಲ್ಲ ನಕ್ಕರು. ಅವಳು ಮಾತ್ರ ವಿಭೂತಿ ಗಟ್ಟಿ, ಸಾಂಬ್ರಾಣಿ, ರಾಗಿಹಿಟ್ಟು, ಬಾಣಂತಿಯ ಮದ್ದು ಎಲ್ಲವನ್ನೂ ಗಂಟು ಕಟ್ಟಿ, ನಮ್ಮೊಂದಿಗೆ ಚಾಮರಾಜನಗರದಲ್ಲಿ ರೈಲು ಹತ್ತಿದಳು. ಆಮೇಲೆ ಬೊಂಬಾಯಿ, ಹಡಗು, ಕೊನೆಗೆ ಆ ಹಿಮ...

ಅಲ್ಲಿ ಸ್ಕೂಲಿನ ಗೋಡೆಗಳಿಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಹುಡುಗರು ನನ್ನ ಇಂಗ್ಲಿಷ್ ತಿಳಿಯದೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹೆದರಿಕೆಗೆ ನನ್ನ ಮಾತು ಇನ್ನಷ್ಟು ಓಡುತ್ತಿತ್ತು. ಒಂದು ದಿನ ಇಬ್ಬರು ಪಾಠದ ನಡುವೆಯೇ ಎದ್ದು ಹೊರಟುಹೋದರು. ಅಂದು ಸಂಜೆ ಅಡುಗೆಮನೆಗೆ ಬಂದವನೇ, ಊರಿಗೆ ವಾಪಸ್ ಹೋಗಿಬಿಡೋಣ ಎಂದೆ.

ಅತ್ತೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ತಿರುಗಿದಾಗ ನೋಡಿದೆ, ಅವಳು ಅಳುತ್ತಿದ್ದಳು. ದಿನವೂ ಹಾಗೆ ಅಳುತ್ತಿದ್ದಳೆಂದು ಹೆಂಡತಿ ಆಮೇಲೆ ಹೇಳಿದಳು. ಹೊರಗೆ ಹೋದರೆ ಅವಳ ಮಾತು ತಿಳಿಯುವವರು ಯಾರಿದ್ದರು...

"ಕೂಸು ಉಟ್ಲಿ, ಓಗನ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಈಗ ಕೂತ್ಕೊ. ನಾಳಿಕ್ಕೆ ಏನು ಪಾಠ ಮಾಡ್ಬೇಕು? ನಂಗೆ ಯೋಳು, ಕೇಳನ."

ಬೇಡಿಕೆ ಹೆಚ್ಚಿದರೆ ಬೆಲೆ ಏಕೆ ಏರುತ್ತದೆ ಎಂಬುದನ್ನು ನಮ್ಮೂರಿನ ಅರಿಸಿನದ ಮಂಡಿಯನ್ನೇ ಮುಂದಿಟ್ಟುಕೊಂಡು ಕನ್ನಡದಲ್ಲಿ ಹೇಳತೊಡಗಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕುಳಿತಳು. ಅವಳಿಗೆ ಅರ್ಥವಾಗಲೆಂದು ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದೆ.

"ತಿಳೀತಾ ಅತ್ತೆ?"

"ಒಂದೂ ತಿಳೀಲಿಲ್ಲ ಕಣ್ಲಾ. ಕೇಳಕೆ ಸಂದಾಗದೆ. ಇನ್ನೊಂದ್ಸಲ ಯೋಳು."

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಅತ್ತೆಯೂ ನಕ್ಕಳು. ಆ ದೇಶಕ್ಕೆ ಬಂದ ಮೇಲೆ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮರುದಿನ ತರಗತಿಯಲ್ಲಿ ಅದೇ ಪಾಠವನ್ನು ಇಂಗ್ಲಿಷಿನಲ್ಲಿ, ಅತ್ತೆಗೆ ಹೇಳಿದ ಹಾಗೆಯೇ ನಿಧಾನವಾಗಿ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ಒಬ್ಬ ಹುಡುಗ ಕೈಯೆತ್ತಿ, ಅರಿಸಿನ ಹೇಗಿರುತ್ತದೆ ಎಂದು ಕೇಳಿದ.

ಮಗಳು ಹುಟ್ಟಿದಳು. ಅತ್ತೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದಳು, ಕಿಟಕಿಗಳನ್ನೆಲ್ಲ ಮುಚ್ಚಿ ಹೊಗೆ ಹಾಕಿದಳು. ಊರಿಗೆ ಹೋಗುವ ಮಾತನ್ನು ನಾನು ಎತ್ತಲಿಲ್ಲ. ಮಗು ಅಂಬೆಗಾಲಿಡುವ ಹೊತ್ತಿಗೆ, ಊರಿಗೆ ಹೊರಟಿದ್ದ ಮೈಸೂರಿನ ದಂಪತಿಗಳ ಜೊತೆ ಅವಳನ್ನು ಕಳಿಸಿಕೊಟ್ಟೆವು. ಬಂದರಿನಲ್ಲಿ ಮಗುವನ್ನು ನನ್ನ ಕೈಗೆ ಕೊಡುತ್ತ, "ಬಿರ್‍ರನೆ ಬಂದ್ಬುಡಿ ಕಣ್ಲಾ," ಎಂದಳು.

ನಾವು ಬೇಗ ಬರಲಿಲ್ಲ. ಕೆಲಸ ಹಿಡಿಸಿತ್ತು, ಒಂದು ವರ್ಷ ಇನ್ನೊಂದು ವರ್ಷವನ್ನು ಎಳೆದುಕೊಂಡು ಹೋಯಿತು. ಅತ್ತೆ ಹೋದಳೆಂಬ ತಂತಿ ಬಂದಾಗ ತರಗತಿಗೆ ಹೊರಟಿದ್ದೆ. ಅದನ್ನು ಜೇಬಿಗಿಟ್ಟುಕೊಂಡು ಹೋಗಿ ಪಾಠ ಮಾಡಿದೆ. ಏನು ಪಾಠ ಮಾಡಿದೆನೋ...

ನಿವೃತ್ತಿಯಾದ ಮೇಲಷ್ಟೇ ಊರಿಗೆ ಮರಳಿದ್ದು. ಇವತ್ತು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋಗಿದ್ದೆ. ಅತ್ತೆಯ ಬೀದಿಯ ಉದ್ದಕ್ಕೂ ಈಗ ಅಂಗಡಿಗಳು. "ಅವರ ಮನೆ ಎಲ್ಲಿತ್ತಪ್ಪ?" ಎಂದು ಮಗಳು ಕೇಳಿದಳು. ಆ ತುದಿಯಿಂದ ಈ ತುದಿಗೆ ನಡೆದು ಒಂದು ಕಡೆ ನಿಂತು, ಇಲ್ಲೇ ಇರಬೇಕು ಎಂದೆ. ಮಗಳು ಚಪ್ಪಲಿ ಬಿಟ್ಟು, ಕೈಮುಗಿದು ನಿಂತಳು.

ಅಂಗಡಿಯವನು ಹೊರಗೆ ಬಂದು, "ಏನ್ ಬೇಕಿತ್ತು ಸಾರ್?" ಎಂದ.

ಏನೂ ಇಲ್ಲಪ್ಪ ಎಂದೆ.