ಮೊದಲು ಊಟದ ಮಾತು

ಇವತ್ತು ಹಾಲು ಕಾಯಿಸಿದೆ, ಒಣಗಿದ ಬಟ್ಟೆ ಮಡಿಚಿದೆ, ಮೇಲಿನ ಕೋಣೆ ಗುಡಿಸಿದೆ. ವಾಕಡದ ನಮ್ಮ ಮನೆಯ ಆ ಕೋಣೆಯಲ್ಲಿ ಬಾಡಿಗೆಗಿದ್ದು ಫಿಜಿಶಿಯನ್ ಅಸಿಸ್ಟಂಟ್ ಕೋರ್ಸ್ ಓದುತ್ತಿದ್ದ ಹುಡುಗಿ ನೆನಪಾದಳು. ಯಾರೇ ಸಿಗಲಿ, ಮಣಿಕಟ್ಟು ಹಿಡಿದು “ಏನ್ ಉಂಡ್ರಿ?” ಎಂದೇ ಮಾತು ತೆಗೆಯುತ್ತಿದ್ದಳು.

“ನೀ ದವಾಖಾನಿಗೆ ಹೊಂಟೀಯೋ, ಖಾನಾವಳಿ ಇಡಾಕ ಹೊಂಟೀಯೋ?” ಎಂದು ನಾನು ಕಾಡಿಸುತ್ತಿದ್ದೆ.

ಒಮ್ಮೆ ನಪಾಸಾಗಿದ್ದ ಅವಳಿಗೆ ಆ ಸಲದ ಪರೀಕ್ಷೆಯೇ ಕೊನೆಯ ಅವಕಾಶ. ಅದರಲ್ಲಿ ಅವಳು ತಪಾಸಣೆ ಮಾಡಬೇಕಿದ್ದ ರೋಗಿ ಕಲಬುರಗಿ ಕಡೆಯ ಅಜ್ಜಿ. ಸಕ್ಕರೆ ಕಾಯಿಲೆ, ವಾರಕ್ಕೊಮ್ಮೆ ತಲೆ ತಿರುಗಿ ಬೀಳುತ್ತಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ.

“ಅಜ್ಜಿ, ಏನ್ ಉಂಡ್ರಿ?”

“ಇವತ್ತ ಸೋಮವಾರಲ್ಲೇನ ತಂಗಿ, ನಂದು ಉಪಾಸ.”

“ಮತ್ತ ಸಕ್ಕರಿ ಗುಳಿಗಿ?”

“ತಪ್ಪದ ನುಂಗೇನಿ!”

ಸೋಮವಾರದ ಖಾಲಿ ಹೊಟ್ಟೆಗೆ ಗುಳಿಗೆ ನುಂಗಿ, ಸಕ್ಕರೆ ತೀರ ಇಳಿದು ಅಜ್ಜಿ ಬೀಳುತ್ತಿದ್ದರು. “ಇದು ನಮಗೂ ಹೊಳೆದಿರಲಿಲ್ಲ” ಎಂದರಂತೆ ಪರೀಕ್ಷಕರು.

“ಕಾಕೂ, ಪಾಸಾದೆ!” ಎಂದು ಮೆಟ್ಟಿಲಿನಿಂದಲೇ ನನ್ನನ್ನು ಕೂಗಿಕೊಂಡು ಬಂದಳು. ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ವಾರಗಟ್ಟಲೆ ನಿದ್ದೆಗೆಟ್ಟಿದ್ದ ಹುಡುಗಿ, ನಾನು ತಾಟು ಎತ್ತುವಷ್ಟರಲ್ಲಿ ನಮ್ಮ ಚಾಪೆಯ ಮೇಲೆಯೇ ನಿದ್ದೆ ಹೋಗಿದ್ದಳು.